ಎಂಜಿನ್ ಆಯಿಲ್ ಸೋರಿಕೆ: ಮೂಲವನ್ನು ಹುಡುಕಿ ಮನೆಯಲ್ಲೇ ಮುಚ್ಚುವ ಬಗೆ

ಎಂಜಿನ್ ಆಯಿಲ್ ನೆಲಕ್ಕೆ ತೊಟ್ಟಿಕ್ಕುವ ಜಾಗ ಒಂದು, ಅದು ನಿಜವಾಗಿ ಸೋರುತ್ತಿರುವ ಜಾಗ ಇನ್ನೊಂದು. ಮೇಲೆಲ್ಲೋ ಜಿನುಗಿದ ಎಣ್ಣೆ ಎಂಜಿನ್ನಿನ ಮೈಗುಂಟ ಇಳಿದು, ಕಾರು ಓಡುವಾಗ ಅಡಿಯಲ್ಲಿ ನುಗ್ಗುವ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬೋಲ್ಟಿನ ತುದಿಯಿಂದಲೋ ಗೇರ್‌ಬಾಕ್ಸಿನ ಕೆಳಭಾಗದಿಂದಲೋ ನೆಲಕ್ಕೆ ಬೀಳುತ್ತದೆ. ಆ ತುದಿಯನ್ನಷ್ಟೇ ನೋಡಿ ಕ್ರ್ಯಾಂಕ್‌ಶಾಫ್ಟಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದು ತೀರ್ಮಾನಿಸಿದರೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಸೋರಿಕೆ ಹಾಗೆಯೇ ಉಳಿಯಬಹುದು, ಏಕೆಂದರೆ ಎಣ್ಣೆ ಬರುತ್ತಿದ್ದುದು ಮೇಲಿನ ಟ್ಯಾಪೆಟ್ ಕವರಿನಿಂದ, ಅಂದರೆ ಎಂಜಿನ್ನಿನ ತಲೆಯ ಮುಚ್ಚಳದಿಂದ. ಹಾಗಾಗಿ ಈ ಕೆಲಸದಲ್ಲಿ ಮುಚ್ಚುವುದಕ್ಕಿಂತ ಹುಡುಕುವುದೇ ದೊಡ್ಡದು. ತೊಳೆಯುವುದಕ್ಕೂ ನೋಡುವುದಕ್ಕೂ ಒಂದು ಭಾನುವಾರವನ್ನು ಮೀಸಲಿಡುವವರು ಪ್ಯಾಕಿಂಗ್ (ಜೋಡಣೆಯ ಸಂದಿಯನ್ನು ಮುಚ್ಚುವ ಗ್ಯಾಸ್ಕೆಟ್) ಬದಲಿಸುವ ಕೆಲಸವನ್ನು ಒಂದೆರಡು ಗಂಟೆಯಲ್ಲಿ ಮುಗಿಸಬಹುದು.

ಇಲ್ಲಿನ ವಿವರಗಳು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಪೆಟ್ರೋಲ್ ಕಾರುಗಳನ್ನು, ಅಂದರೆ ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಮೊದಲಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಡೀಸೆಲ್ ಕಾರಿಗೂ ಹುಡುಕುವ ಕ್ರಮ ಇದೇ ಆದರೂ, ಬಿಚ್ಚುವ ಕೆಲಸ ಅಲ್ಲಿ ಹೆಚ್ಚು ತೊಡಕಿನದು.

ಮೊದಲು ಸೋರುತ್ತಿರುವುದು ಏನೆಂದು ತಿಳಿಯಿರಿ

ರಾತ್ರಿ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನಿನ ಅಡಿಗೆ ದೊಡ್ಡ ರಟ್ಟಿನ ಹಾಳೆಯೊಂದನ್ನು ಹಾಸಬೇಕು. ಫ್ರಿಜ್ಜೋ ಟಿವಿಯೋ ಬಂದ ಪೆಟ್ಟಿಗೆಯನ್ನು ಬಿಡಿಸಿದರೆ ಸಾಕಾಗುತ್ತದೆ. ಮುಂದಿನ ಎರಡು ಚಕ್ರಗಳು ಎಲ್ಲಿವೆ, ಕಾರಿನ ಮುಂಭಾಗ ಯಾವ ಕಡೆಗಿದೆ ಎಂಬುದನ್ನು ರಟ್ಟಿನ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡರೆ, ಬೆಳಿಗ್ಗೆ ಬಿದ್ದ ಹನಿ ಟೈಮಿಂಗ್ ಬೆಲ್ಟಿನ ಕಡೆಯದೋ ಗೇರ್‌ಬಾಕ್ಸಿನ ಕಡೆಯದೋ ಎಂಬುದು ಸ್ಪಷ್ಟವಾಗುತ್ತದೆ.

ಎಂಜಿನ್ ಆಯಿಲ್ ಹೊಸತಿದ್ದಾಗ ಜೇನಿನ ಬಣ್ಣದಲ್ಲಿದ್ದು, ಬಳಸಿದಂತೆಲ್ಲ ಕಂದು ಬಣ್ಣಕ್ಕೂ ಕಪ್ಪಿಗೂ ತಿರುಗುತ್ತದೆ. ಗೇರ್ ಆಯಿಲ್ ಇನ್ನಷ್ಟು ಮಂದವಾಗಿರುತ್ತದೆ, ಅದಕ್ಕೆ ಗಂಧಕದ ತೀಕ್ಷ್ಣ ವಾಸನೆಯಿರುತ್ತದೆ. ಹಸಿರು, ಕೆಂಪು ಅಥವಾ ನೀಲಿ ಬಣ್ಣದ ನೀರಿನಂಥ ದ್ರವ ಕೂಲೆಂಟ್. ಬಣ್ಣವೂ ವಾಸನೆಯೂ ಇಲ್ಲದ ಶುದ್ಧ ನೀರು ಏಸಿಯಿಂದ ಇಳಿದದ್ದು, ಅದಕ್ಕೆ ಚಿಂತಿಸಬೇಕಾಗಿಲ್ಲ. ತಿಳಿ ಹಳದಿಯ, ಬೆರಳಿಗೆ ಜಾರುವ ತೆಳು ದ್ರವ ಚಕ್ರದ ಬಳಿಯೋ ಬ್ರೇಕ್ ಪೆಡಲಿನ ಹಿಂದಿನ ಗೋಡೆಯ ಬಳಿಯೋ ಕಂಡರೆ ಅದು ಬ್ರೇಕ್ ಫ್ಲೂಯಿಡ್ ಆಗಿರಬಹುದು. ಆಗ ಕಾರನ್ನು ಒಂದಡಿಯೂ ಓಡಿಸದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಬೇಕು.

ಡಿಪ್‌ಸ್ಟಿಕ್ಕನ್ನೂ ಅಂದೇ ನೋಡಿಬಿಡಿ. ತಣ್ಣಗಿರುವ ಎಂಜಿನ್ನಿನಲ್ಲಿ ಕಡ್ಡಿಯನ್ನು ತೆಗೆದು ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ತೆಗೆದಾಗ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತಲೂ ಇಳಿದಿದ್ದರೆ ಮೊದಲು ಎಣ್ಣೆ ತುಂಬಿಸಿ, ಆಮೇಲೆ ಸೋರಿಕೆಯ ಹುಡುಕಾಟಕ್ಕೆ ಇಳಿಯಿರಿ. ಮೇಲಿನ ಗುರುತನ್ನು ದಾಟಿದ್ದರೆ ಅದೂ ಒಂದು ತೊಂದರೆಯೇ: ಸರ್ವಿಸಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಸುರಿದ ಎಣ್ಣೆಯನ್ನು ತಿರುಗುವ ಕ್ರ್ಯಾಂಕ್‌ಶಾಫ್ಟ್ ಕಡೆದು ನೊರೆಯೆಬ್ಬಿಸುತ್ತದೆ, ಸೀಲುಗಳಿಗೆ ಅನಗತ್ಯ ಹೊರೆ ಬೀಳುತ್ತದೆ. ಓಡುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಣ್ಣೆ ದೀಪ ಹತ್ತಿದರೆ ಎಂಜಿನ್ನನ್ನು ತಕ್ಷಣ ಆರಿಸಬೇಕು. ಇನ್ನೆರಡು ಕಿಲೋಮೀಟರ್‌ನಲ್ಲಿ ಮನೆ ಎಂದು ಮುಂದುವರಿದು ಬೇರಿಂಗುಗಳನ್ನು ಕಳೆದುಕೊಂಡವರಿದ್ದಾರೆ.

ಒಳಗಿನ ಒತ್ತಡವನ್ನು ಪರೀಕ್ಷಿಸುವುದು

ಪ್ಯಾಕಿಂಗ್ ಕೊಳ್ಳಲು ಅಂಗಡಿಗೆ ಹೋಗುವ ಮುನ್ನ ನೋಡಲೇಬೇಕಾದ, ಆದರೆ ಬಹಳಷ್ಟು ಮಂದಿ ಬಿಟ್ಟುಬಿಡುವ ಭಾಗವೆಂದರೆ ಪಿಸಿವಿ ವಾಲ್ವ್. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನೊಳಗೆ ನುಸುಳುವುದು ಎಲ್ಲ ಎಂಜಿನ್ನುಗಳಲ್ಲೂ ಸಹಜ. ಆ ಅನಿಲವನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆದುಕೊಂಡು ಮತ್ತೆ ಸುಡುವ ದಾರಿಯಲ್ಲಿ ಈ ಸಣ್ಣ ವಾಲ್ವ್ ಕೂತಿರುತ್ತದೆ. ವಾಲ್ವೋ ಅದರ ರಬ್ಬರ್ ಪೈಪೋ ಮಡ್ಡಿ ಕಟ್ಟಿಕೊಂಡರೆ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲದೆ ಎಂಜಿನ್ನಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡ ಎಲ್ಲಿ ಸೀಲ್ ದುರ್ಬಲವಾಗಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಇದನ್ನು ಸರಿಪಡಿಸದೆ ಹೊಸ ಪ್ಯಾಕಿಂಗ್ ಹಾಕಿದರೆ ಅದೂ ಕೆಲವು ತಿಂಗಳಲ್ಲಿ ಸೋರಲು ತೊಡಗುತ್ತದೆ, ಇಲ್ಲವೇ ಸೋರಿಕೆ ಇನ್ನೊಂದು ಸೀಲಿಗೆ ಸ್ಥಳ ಬದಲಿಸುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಐಡಲಿನಲ್ಲಿ ಓಡುತ್ತಿರುವಾಗ ಟ್ಯಾಪೆಟ್ ಕವರಿನಿಂದ ವಾಲ್ವನ್ನು ಪೈಪಿನ ಸಮೇತ ಮೆಲ್ಲನೆ ಕಿತ್ತು, ಅದರ ತೆರೆದ ಬಾಯಿಗೆ ಬೆರಳು ಒತ್ತಿದರೆ ಬೆರಳನ್ನು ಒಳಕ್ಕೆ ಎಳೆಯುವ ಸೆಳೆತ ತಿಳಿಯಬೇಕು. ಎಂಜಿನ್ ಆರಿಸಿ ವಾಲ್ವನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬಿಡಿಭಾಗ ಟಕಟಕ ಸದ್ದು ಮಾಡಬೇಕು. ಸೆಳೆತವಿಲ್ಲ, ಸದ್ದೂ ಇಲ್ಲ ಎಂದಾದರೆ ಅದನ್ನು ಬದಲಿಸುವುದೇ ಸರಿ. ಪೈಪು ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಬೇಕು. ವಾಲ್ವ್ ಚೆನ್ನಾಗಿದ್ದೂ ಆಯಿಲ್ ಹಾಕುವ ಮುಚ್ಚಳವನ್ನು ತೆರೆದಾಗ ಹೊಗೆ ಭರಭರನೆ ಹೊರಗೆ ಉಗುಳುತ್ತಿದ್ದರೆ ರಿಂಗುಗಳೇ ಸವೆದಿವೆ ಎಂದು ಶಂಕಿಸಬೇಕಾಗುತ್ತದೆ. ಅಂಥ ಎಂಜಿನ್ನಿನಲ್ಲಿ ಬರಿಯ ಪ್ಯಾಕಿಂಗ್ ಬದಲಿಸಿ ಪೂರ್ತಿ ಪರಿಹಾರ ಸಿಗುವುದಿಲ್ಲ.

ತೊಳೆದು, ಓಡಿಸಿ, ನೋಡುವುದು

ಎಣ್ಣೆಯೂ ದೂಳೂ ಸೇರಿ ಗಟ್ಟಿಯಾದ ಮಡ್ಡಿಯ ಮೇಲೆ ಹೊಸ ಸೋರಿಕೆಯನ್ನು ಗುರುತಿಸುವುದು ಸಾಧ್ಯವೇ ಇಲ್ಲ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ, ಕಾಯಿಲ್ ಮತ್ತು ವೈರಿಂಗ್ ಕಪ್ಲರುಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಬೇಕು. ನಂತರ ಜಿಡ್ಡು ಕರಗಿಸುವ ಡಿಗ್ರೀಸರ್ ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೆಯ ಪೇಂಟ್ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾ ಬಂದು, ಬನಿಯನ್ ವೇಸ್ಟಿನಿಂದ ಒರೆಸಿ ತೆಗೆಯಬೇಕು. ಸರ್ವಿಸ್ ಸ್ಟೇಷನ್ನುಗಳಂತೆ ಹೆಚ್ಚಿನ ಒತ್ತಡದ ನೀರನ್ನು ಹಾಯಿಸುವುದು ಬೇಡ. ಸೆನ್ಸರುಗಳ ಒಳಗೆ ನೀರು ಹೋದರೆ ಹೊಸ ತೊಂದರೆ ಎದುರಾಗುತ್ತದೆ. ಪೆಟ್ರೋಲಿನಿಂದ ಒರೆಸುವ ರೂಢಿಯನ್ನಂತೂ ಬಿಡಲೇಬೇಕು, ಏಕೆಂದರೆ ಅದರ ಆವಿಗೆ ಒಂದು ಕಿಡಿ ಸಾಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದ ಎಣ್ಣೆಯನ್ನು ವಿಶೇಷ ಗಮನ ಕೊಟ್ಟು ತೆಗೆಯಿರಿ. ಕಾರು ನಿಂತಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆಗೂ, ಅಪರೂಪಕ್ಕೆ ಬೆಂಕಿಗೂ ಅದೇ ಕಾರಣ.

ತೊಳೆದು ಒಣಗಿದ ಎಂಜಿನ್ನನ್ನು ಚಾಲೂ ಮಾಡಿ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ನಿಂತ ಕೂಡಲೇ ಟಾರ್ಚ್ ಹಿಡಿದು ನೋಡಲು ಆರಂಭಿಸಬೇಕು. ಫ್ಯಾನು ಇದ್ದಕ್ಕಿದ್ದಂತೆ ತಿರುಗಬಹುದಾದ್ದರಿಂದಲೂ ಎಕ್ಸಾಸ್ಟ್ ಕೆಂಡದಷ್ಟು ಬಿಸಿಯಿರುವುದರಿಂದಲೂ ಕೈ ಹಾಕದೆ ಕಣ್ಣಿನಿಂದಷ್ಟೇ ನೋಡಿ. ನಿಯಮ ಒಂದೇ: ಒದ್ದೆಯಾಗಿರುವ ಜಾಗಗಳಲ್ಲೆಲ್ಲ ಅತಿ ಎತ್ತರದ್ದು ಯಾವುದೋ ಅದೇ ಮೂಲ. ಕೈಗನ್ನಡಿಯೊಂದಿದ್ದರೆ ಎಂಜಿನ್ನಿನ ಹಿಂಬದಿಯೂ ಕಾಣುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಸಂದಿಗೆ ಇಳಿಸಿ ವಿಡಿಯೊ ತೆಗೆದುಕೊಳ್ಳುವುದು ಇನ್ನೂ ಅನುಕೂಲ.

ಸೋರಿಕೆ ತೀರಾ ಸಣ್ಣದಾಗಿದ್ದರೆ ಟಾಲ್ಕಂ ಪೌಡರಿನ ಸಹಾಯ ಪಡೆಯಬಹುದು. ತೊಳೆದು ಚೆನ್ನಾಗಿ ಒಣಗಿಸಿದ, ಶಂಕೆಯಿರುವ ಜೋಡಣೆಗಳ ಕೆಳಗೆ ಅದನ್ನು ತೆಳುವಾಗಿ ಹರಡಿ, ಬೆಲ್ಟು ಮತ್ತು ಏರ್ ಫಿಲ್ಟರಿನಿಂದ ದೂರವಿರಿಸಿ, ಎಂಜಿನ್ನನ್ನು ನಿಂತಲ್ಲೇ ಓಡಿಸಿದರೆ ಎಣ್ಣೆ ಹಾದ ದಾರಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಇದೂ ಸಾಲದಿದ್ದರೆ ಎಂಜಿನ್ ಆಯಿಲಿಗೆಂದೇ ತಯಾರಿಸಿದ ಯುವಿ ಡೈಯನ್ನು ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಎಣ್ಣೆಗೆ ಬೆರೆಸಿ, ಒಂದೆರಡು ದಿನ ಓಡಿಸಿ, ರಾತ್ರಿಯ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ಜಾಗವೆಲ್ಲ ಹಳದಿ-ಹಸಿರಾಗಿ ಹೊಳೆಯುತ್ತದೆ. ಒಂದಕ್ಕಿಂತ ಹೆಚ್ಚು ಕಡೆ ಸೋರುತ್ತಿರುವ ಹಳೆಯ ಎಂಜಿನ್ನಿಗೆ ಇದಕ್ಕಿಂತ ಖಚಿತವಾದ ಮನೆವಿಧಾನವಿಲ್ಲ.

ಕಾರಿನ ಅಡಿಗೆ ಹೋಗಬೇಕಾದಾಗ ಬರಿಯ ಜ್ಯಾಕನ್ನು ನಂಬಬಾರದು. ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಮರದ ತುಂಡೋ ಕಲ್ಲೋ ಅಡ್ಡ ಕೊಟ್ಟು, ತಯಾರಕರು ತೋರಿಸಿದ ಜಾಗದಲ್ಲೇ ಜ್ಯಾಕ್ ಸ್ಟ್ಯಾಂಡುಗಳನ್ನು ನಿಲ್ಲಿಸಿದ ಮೇಲಷ್ಟೇ ಒಳಗೆ ತಲೆ ಹಾಕಬೇಕು. ಇಟ್ಟಿಗೆಗಳನ್ನು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲೆಲ್ಲಿ ಸೋರಬಹುದು

ಮೇಲಿನಿಂದ ಆರಂಭಿಸಿದರೆ ಮೊದಲು ಸಿಗುವುದು ಟ್ಯಾಪೆಟ್ ಕವರಿನ ಪ್ಯಾಕಿಂಗ್. ಸ್ಪಾರ್ಕ್ ಪ್ಲಗ್ಗುಗಳು ಈ ಕವರಿನ ನಡುವಿನ ಗುಂಡಿಗಳಲ್ಲಿ ಕೂರುವ ಎಂಜಿನ್ನುಗಳಲ್ಲಿ ಪ್ಲಗ್ ಕೊಳವೆಗಳ ಸುತ್ತಲಿನ ರಬ್ಬರ್ ಸೀಲುಗಳೂ ಸೋರುತ್ತವೆ. ಆಗ ಹೊರಗೆ ಒಂದು ಹನಿಯೂ ಕಾಣದೆ ಪ್ಲಗ್ಗಿನ ಗುಂಡಿಯಲ್ಲಿ ಎಣ್ಣೆ ನಿಂತು ಎಂಜಿನ್ ಮಿಸ್ ಹೊಡೆಯುತ್ತದೆ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರುಗಳಲ್ಲಿ ಅದು ಸಿಲಿಂಡರ್ ಹೆಡ್ಡಿಗೆ ಸೇರುವ ಕಡೆಯ ಒ-ರಿಂಗ್ ಗಟ್ಟಿಯಾದರೆ ಎಣ್ಣೆ ನೇರವಾಗಿ ಗೇರ್‌ಬಾಕ್ಸಿನ ಮೇಲೆ ಇಳಿಯಬಹುದು, ನೋಡಿದವರಿಗೆ ಕ್ರ್ಯಾಂಕ್ ಸೀಲಿನದೇ ಸೋರಿಕೆ ಎನಿಸಬಹುದು. ಅದರ ಕೆಳಗೆ ಆಯಿಲ್ ಪ್ರೆಷರ್ ಸ್ವಿಚ್, ಆಯಿಲ್ ಫಿಲ್ಟರ್, ಆಮೇಲೆ ಗ್ಯಾರೇಜುಗಳಲ್ಲಿ ಚೇಂಬರ್ ಎಂದೇ ಕರೆಯುವ ಆಯಿಲ್ ಸಂಪ್ (ಎಣ್ಣೆ ನಿಲ್ಲುವ ತಳದ ಪಾತ್ರೆ) ಮತ್ತು ಅದರ ಡ್ರೈನ್ ಬೋಲ್ಟ್. ಬೆಲ್ಟಿನ ಬದಿಯಲ್ಲಿ ಕ್ಯಾಮ್‌ಶಾಫ್ಟ್ ಸೀಲ್ ಮತ್ತು ಕ್ರ್ಯಾಂಕಿನ ಮುಂದಿನ ಸೀಲ್, ಗೇರ್‌ಬಾಕ್ಸಿನ ಬದಿಯಲ್ಲಿ ಕ್ರ್ಯಾಂಕಿನ ಹಿಂದಿನ ಸೀಲ್ ಇರುತ್ತವೆ. ರಬ್ಬರಿನ ಟೈಮಿಂಗ್ ಬೆಲ್ಟ್ ಇರುವ ಮಾರುತಿ 800ರಂಥ ಕಾರಿನಲ್ಲಿ ಬೆಲ್ಟಿನ ಕವರಿನೊಳಗೆ ಎಣ್ಣೆ ಕಂಡರೆ ತಡಮಾಡಬೇಡಿ, ಎಣ್ಣೆ ಹೀರಿದ ಬೆಲ್ಟು ಬೇಗ ಹಾಳಾಗುತ್ತದೆ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸುವುದು

ವರ್ಷಗಟ್ಟಲೆ ಶಾಖಕ್ಕೆ ಸಿಕ್ಕಿ ಈ ರಬ್ಬರ್ ಹಳೆಯ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟಿನಂತೆ ಸೆಡೆತು ಗಟ್ಟಿಯಾಗುತ್ತದೆ. ಸೋರಿಕೆ ಕಂಡ ಕೂಡಲೇ ಬೋಲ್ಟುಗಳನ್ನು ಇನ್ನಷ್ಟು ಬಿಗಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬೋಲ್ಟು ಸಡಿಲವಾಗಿದ್ದರೆ ಅದು ಸರಿಯೇ, ಆದರೆ ಗಟ್ಟಿಯಾದ ರಬ್ಬರನ್ನು ಎಷ್ಟು ಒತ್ತಿದರೂ ಅದು ಮತ್ತೆ ಮೆತ್ತಗಾಗುವುದಿಲ್ಲ. ಬದಲಿಗೆ ಕವರ್ ಬಾಗುತ್ತದೆ ಅಥವಾ ಅಲ್ಯೂಮಿನಿಯಂ ಹೆಡ್ಡಿನ ಮರೆ (ಬೋಲ್ಟನ್ನು ಹಿಡಿಯುವ ತಿರುಪು) ಕಿತ್ತುಹೋಗುತ್ತದೆ.

ಬಿಡಿಭಾಗ ಕೊಳ್ಳುವಾಗ ಕಾರಿನ ಮಾದರಿ, ವರ್ಷ ಹೇಳಿದರಷ್ಟೇ ಸಾಲದು, ಎಂಜಿನ್ ಯಾವುದೆಂದೂ ಹೇಳಿ, ಏಕೆಂದರೆ ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ ಬಂದಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನಾಲ್ಕಾರು ಬೆಲೆಯ ಪ್ಯಾಕಿಂಗುಗಳು ಸಿಗುತ್ತವೆ. ಕಂಪನಿಯದೇ ಅಸಲಿ ಭಾಗವನ್ನೋ ಹೆಸರುಳ್ಳ ತಯಾರಕರದನ್ನೋ ಕೊಳ್ಳಿ ಎಂಬುದು ನನ್ನ ಸಲಹೆ. ಉಳಿಯುವ ಹಣಕ್ಕಿಂತ ಅದೇ ಕೆಲಸವನ್ನು ಎರಡನೆಯ ಸಲ ಮಾಡುವ ಶ್ರಮ ದೊಡ್ಡದು. ಪ್ಲಗ್ ಕೊಳವೆಯ ಸೀಲುಗಳನ್ನೂ ಬೋಲ್ಟುಗಳ ರಬ್ಬರ್ ವಾಷರುಗಳನ್ನೂ ಜೊತೆಗೇ ತನ್ನಿ.

ತಣ್ಣಗಿನ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಬಿಚ್ಚಿ, ಕವರಿಗೆ ಅಡ್ಡ ಬರುವ ಏರ್ ಫಿಲ್ಟರ್ ಪೆಟ್ಟಿಗೆ, ಪೈಪು, ಕಾಯಿಲ್ ಇವುಗಳ ಫೋಟೊ ತೆಗೆದುಕೊಂಡು ಒಂದೊಂದಾಗಿ ಕಳಚಬೇಕು. ಕವರಿನ ಸುತ್ತಲಿನ ದೂಳನ್ನು ಈಗಲೇ ಒರೆಸಿಬಿಡಿ, ಇಲ್ಲವಾದರೆ ಕವರ್ ಎತ್ತಿದ ಕ್ಷಣ ಅದು ಕ್ಯಾಮ್‌ಶಾಫ್ಟಿನ ಮೇಲೆ ಬೀಳುತ್ತದೆ. ಬೋಲ್ಟುಗಳು ಸಾಮಾನ್ಯವಾಗಿ 6 ಮಿ.ಮೀ. ದಪ್ಪದವು, 10 ಅಥವಾ 8ನೇ ನಂಬರ್ ಪಾನಾ ಹಿಡಿಸುತ್ತದೆ. ಹೊರತುದಿಗಳಿಂದ ನಡುವಿಗೆ ಬರುತ್ತಾ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ಬದಿಯಲ್ಲಿ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕೇ ಹೊರತು, ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಗೀರು ಹೊಸ ಪ್ಯಾಕಿಂಗಿನ ಕೆಳಗೂ ಸೋರುವ ಕಾಲುವೆಯಾಗುತ್ತದೆ.

ಹಳೆಯ ಪ್ಯಾಕಿಂಗನ್ನು ಪೂರ್ತಿ ತೆಗೆದ ಮೇಲೆ ಹೆಡ್ಡಿನ ಅಂಚನ್ನೂ ಕವರಿನ ಕಾಲುವೆಯನ್ನೂ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಎಣ್ಣೆಯ ಪಸೆಯೇ ಇಲ್ಲದಂತೆ ಒರೆಸಬೇಕು. ಕ್ಲೀನರನ್ನು ಎಂಜಿನ್ನಿನೊಳಕ್ಕೆ ಸಿಂಪಡಿಸದೆ ಬಟ್ಟೆಗೇ ಹಾಕಿಕೊಳ್ಳಿ. ಉಪ್ಪು ಕಾಗದ ಬಳಸಿದರೆ ಅದರ ಹರಳುಗಳು ಎಣ್ಣೆಯೊಂದಿಗೆ ಬೇರಿಂಗಿಗೆ ಸೇರುತ್ತವೆ, ಅದು ಬೇಡ. ಕವರನ್ನು ಸಮತಟ್ಟಾದ ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಬೋರಲಾಗಿಟ್ಟು ಅದು ಬಾಗಿದೆಯೇ ಎಂದು ಪರೀಕ್ಷಿಸುವುದೂ ಒಳ್ಳೆಯದು.

ಹೊಸ ಪ್ಯಾಕಿಂಗನ್ನು ಒಣಗಿದ ಕಾಲುವೆಯಲ್ಲಿ ಎಲ್ಲಿಯೂ ತಿರುಚಿಕೊಳ್ಳದಂತೆ ಕೂರಿಸಬೇಕು. ರಬ್ಬರ್ ಪ್ಯಾಕಿಂಗಿನ ಉದ್ದಕ್ಕೂ ಸಿಲಿಕೋನ್ ಬಳಿಯುವ ಅಗತ್ಯವಿಲ್ಲ. ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಮೂಲೆಗಳಲ್ಲಿ, ಕ್ಯಾಮ್‌ಶಾಫ್ಟಿನ ಅರ್ಧಚಂದ್ರಾಕಾರದ ತಿರುವುಗಳಲ್ಲಿ ಮಾತ್ರ ಕಡಲೆಕಾಳಿಗಿಂತ ಸಣ್ಣದೊಂದು ಬೊಟ್ಟು ಸಾಕು. ಕವರನ್ನು ನೇರವಾಗಿ ಇಳಿಸಿ ಬೋಲ್ಟುಗಳನ್ನೆಲ್ಲ ಬೆರಳಿನಿಂದ ಹತ್ತಿಸಿ, ನಡುವಿನಿಂದ ಹೊರಕ್ಕೆ ಅಡ್ಡಡ್ಡಲಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಷ್ಟು ಬಿಗಿಯಬೇಕು ಎಂಬುದಕ್ಕೆ ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಈ ಗಾತ್ರದ ಬೋಲ್ಟುಗಳಿಗೆ ಅದು ಬಹುಪಾಲು 8ರಿಂದ 11 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಬಿಗಿತವನ್ನು ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಉದ್ದದ ಹಿಡಿಯನ್ನು ಬಳಸದೆ, ಗಿಡ್ಡ ಪಾನಾವನ್ನು ಮಣಿಕಟ್ಟಿನ ಬಲದಿಂದಷ್ಟೇ ತಿರುಗಿಸಿ ನಿಲ್ಲಿಸಬೇಕು.

ಸಿಲಿಕೋನಿನ ಬಗ್ಗೆ

ಕಾರ್ಖಾನೆಯಿಂದಲೇ ಪ್ಯಾಕಿಂಗಿಲ್ಲದೆ ಸಿಲಿಕೋನಿನಿಂದ ಅಂಟಿಸಿ ಬರುವ ಜೋಡಣೆಗಳಿವೆ. ಅನೇಕ ಕಾರುಗಳ ಚೇಂಬರ್ ಹಾಗೆಯೇ ಕೂತಿರುತ್ತದೆ. ಅಲ್ಲಿ ಎಣ್ಣೆ ತಡೆಯುವ, ಸೆನ್ಸರಿಗೆ ಹಾನಿ ಮಾಡದ ಆರ್‌ಟಿವಿ (ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ) ಸಿಲಿಕೋನನ್ನೇ ಬಳಸಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಕಿಟಕಿಯ ಗಾಜಿಗೆ ಸರಿ, ಎಂಜಿನ್ನಿಗಲ್ಲ. ಚೇಂಬರನ್ನು ಇಳಿಸುವುದಾದರೆ ಎಣ್ಣೆ ಪೂರ್ತಿ ಬಸಿದು, ಎರಡೂ ಅಂಚುಗಳನ್ನು ಒಣಗಿಸಿ, ಬೋಲ್ಟಿನ ತೂತುಗಳ ಒಳಬದಿಯಿಂದ ಹಾದುಹೋಗುವಂತೆ 2ರಿಂದ 3 ಮಿ.ಮೀ. ದಪ್ಪದ ಒಂದೇ ಎಳೆಯನ್ನು ತುಂಡಾಗದಂತೆ ಎಳೆದು, ಟ್ಯೂಬಿನ ಮೇಲೆ ಹೇಳಿದ ಅವಧಿಯೊಳಗೆ ಜೋಡಿಸಿ, ಎಣ್ಣೆ ತುಂಬುವ ಮುನ್ನ ಅದು ಹೇಳಿದಷ್ಟು ಗಂಟೆ ಬಿಡಬೇಕು. ದಪ್ಪಗೆ ಬಳಿದರೆ ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬುತ್ತದೆ. ಒಳಗಿನ ತುಣುಕು ಕಿತ್ತು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬಂದರೆ ಎಂಜಿನ್ನಿಗೆ ಎಣ್ಣೆಯೇ ಏರುವುದಿಲ್ಲ. ಸೋರುವ ಜಾಗದ ಹೊರಮೈಗೆ ಸಿಲಿಕೋನ್ ಮೆತ್ತುವುದರಿಂದಂತೂ ಏನೂ ಪ್ರಯೋಜನವಿಲ್ಲ, ಎಣ್ಣೆಯ ಮೇಲೆ ಅದು ಹಿಡಿಯುವುದೇ ಇಲ್ಲ.

ಎಣ್ಣೆಗೆ ಬೆರೆಸುವ ಸ್ಟಾಪ್-ಲೀಕ್ ದ್ರವಗಳು ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಮೆತ್ತಗಾಗಿಸುವ ಗುಣದವು. ಸಣ್ಣಗೆ ಜಿನುಗುವ ಕ್ರ್ಯಾಂಕ್ ಸೀಲಿಗೆ ಅವು ಕೆಲಕಾಲ ನೆರವಾಗಬಹುದು. ಹರಿದ ಪ್ಯಾಕಿಂಗಿಗೂ ಮರೆ ಹೋದ ಬೋಲ್ಟಿಗೂ ಉಪಯೋಗವಿಲ್ಲ.

ಸಣ್ಣ ಸೋರಿಕೆಗಳು

ಡ್ರೈನ್ ಬೋಲ್ಟಿನ ಬಳಿ ಸೋರಿದರೆ ಹೆಚ್ಚಾಗಿ ಹಳೆಯ ವಾಷರನ್ನೇ ಮತ್ತೆ ಹಾಕಿರುತ್ತಾರೆ. ಪ್ರತಿ ಸಲ ಎಣ್ಣೆ ಬದಲಿಸುವಾಗಲೂ ಹೊಸ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಹಾಕಬೇಕು. ಆಯಿಲ್ ಫಿಲ್ಟರ್ ಬದಲಿಸಿದ ಬೆನ್ನಲ್ಲೇ ಎಣ್ಣೆ ಧಾರಾಳವಾಗಿ ಸುರಿದರೆ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದ್ದು ಹೊಸದರ ರಿಂಗ್ ಅದರ ಮೇಲೆ ಕೂತಿದೆಯೇ ಎಂದು ನೋಡಿ. ಹೊಸ ರಿಂಗಿಗೆ ಎಣ್ಣೆ ಸವರಿ, ಅದು ಎಂಜಿನ್ನಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತಿನಷ್ಟು ಕೈಯಿಂದ ಬಿಗಿದರೆ ಸಾಮಾನ್ಯವಾಗಿ ಸಾಕು. ಪ್ರೆಷರ್ ಸ್ವಿಚ್ಚಿನ ನಡುವಿನ ಪ್ಲಾಸ್ಟಿಕ್ಕಿನಿಂದಲೇ ಎಣ್ಣೆ ಬರುತ್ತಿದ್ದರೆ ಸ್ವಿಚ್ಚನ್ನೇ ಬದಲಿಸಬೇಕು. ಅದರ ಮರೆಗೆ ಟೆಫ್ಲಾನ್ ಟೇಪು ಸುತ್ತಬೇಡಿ, ಒಂದೇ ತಂತಿಯ ಸ್ವಿಚ್ಚಿಗೆ ಅರ್ಥ್ ಸಿಗುವುದು ಆ ಮರೆಯ ಮೂಲಕವೇ. ರೋಡ್ ಹಂಪಿಗೆ ಬಡಿದು ಚೇಂಬರ್ ಬಿರುಕು ಬಿಟ್ಟಿದ್ದರೆ ಎಂ-ಸೀಲ್ ಹಚ್ಚಿ ಗ್ಯಾರೇಜಿನವರೆಗೆ ತಲುಪಬಹುದಷ್ಟೇ, ಚೇಂಬರನ್ನು ಬದಲಿಸುವುದೇ ಅದಕ್ಕೆ ಶಾಶ್ವತ ಮದ್ದು.

ಬಸಿದ ಎಣ್ಣೆಯನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯೂ ಅಪಾಯಕಾರಿ ತ್ಯಾಜ್ಯವೇ ಆಗಿದೆ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿ, ಬಳಸಿದ ಎಣ್ಣೆಯನ್ನು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಹತ್ತು ನಿಮಿಷ ಐಡಲಿನಲ್ಲಿ ಓಡಿಸಿ ಜೋಡಣೆಗಳನ್ನು ನೋಡಿ, ಆರಿಸಿ ಸ್ವಲ್ಪ ಹೊತ್ತಿನ ನಂತರ ಡಿಪ್‌ಸ್ಟಿಕ್ ಪರೀಕ್ಷಿಸಿ, ರಟ್ಟನ್ನು ಮತ್ತೆ ಅಡಿಗೆ ಹಾಸಿಡಿ. ಮೊದಲ ಒಂದೆರಡು ದಿನ ಬರುವ ಹನಿ, ಸಂದಿಗಳಲ್ಲಿ ಉಳಿದ ಹಳೆಯ ಎಣ್ಣೆಯದಾಗಿರಬಹುದು. ವಾರದ ನಂತರವೂ ಹನಿ ಬೀಳುತ್ತಿದ್ದು, ಮೇಲ್ಭಾಗವೆಲ್ಲ ಒಣಗಿದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆಯಿಂದ ಮಾತ್ರ ಎಣ್ಣೆ ಇಳಿಯುತ್ತಿದ್ದರೆ ಈಗ ಕ್ರ್ಯಾಂಕಿನ ಹಿಂದಿನ ಸೀಲಿನ ಮೇಲೆ ಶಂಕೆ ಪಡಲು ಕಾರಣವಿದೆ. ಬಿದ್ದದ್ದು ಗೇರ್ ಆಯಿಲ್ ಅಲ್ಲವೆಂದು ವಾಸನೆ ನೋಡಿ ಖಚಿತಪಡಿಸಿಕೊಂಡು ಕಾರನ್ನು ಗ್ಯಾರೇಜಿಗೆ ಒಯ್ಯಿರಿ; ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ದರೆ ಅದನ್ನೂ ಅದೇ ಕೂಲಿಯಲ್ಲಿ ಬದಲಿಸಲು ಹೇಳಿ.